ಮೂರನೇ ಚೀಟಿ

ಪಟ್ಟಿಯಲ್ಲಿ ಮೊದಲ ಸಾಲೇ ಕ್ಯಾಬಿನ್ 8114.

ಪ್ರವಾಸಿ ಹಡಗಿನಲ್ಲಿ ಕ್ಯಾಬಿನ್ನುಗಳನ್ನು ನೋಡಿಕೊಳ್ಳುವ ಎಲ್ಪಿಡಿಯೊ ಎರಡು ಸಲ ಓದಿದ. ದಿನಕ್ಕಿಷ್ಟೆಂದು ತಮ್ಮ ಬಿಲ್ಲಿಗೆ ಸೇರುತ್ತಿದ್ದ ಟಿಪ್ಸನ್ನು ತೆಗೆಸಿಹಾಕಿದ ಪ್ರಯಾಣಿಕರ ಪಟ್ಟಿ ಅದು. ಸಿಡ್ನಿ ಇನ್ನೊಂದು ದಿನದ ದೂರವಿರುವಾಗ ಸ್ವಾಗತದ ಮೇಜಿನ ಮುಂದೆ ಅಂಥವರ ಸಾಲು ಬೆಳೆಯುತ್ತದೆ. ಆ ಸಾಲಿನಲ್ಲಿ ಯಾರು ನಿಂತಿದ್ದಾರೆಂದು ಕೆಲಸಗಾರರು ಕತ್ತು ತಿರುಗಿಸದೆಯೇ ನೋಡಿಕೊಂಡು ಹೋಗುತ್ತಾರೆ.

"ನಿನ್ನ 8114ರ ಅಜ್ಜಿ ಸರಿಯಾಗಿ ನಾಮ ಹಾಕಿದಳಲ್ಲೋ ತಮ್ಮಾ," ಎಂದ ಮೇಲ್ವಿಚಾರಕ ಸೆವೆರಿನೊ. ಅವನೂ ಫಿಲಿಪ್ಪೀನ್ಸಿನ ಇಲೊಯಿಲೊದವನೇ, ಎಲ್ಪಿಡಿಯೊನ ಪಕ್ಕದ ಬೀದಿ. "ಹದಿನಾಲ್ಕು ದಿನ ಟವೆಲ್ ಮಡಚಿ ಆನೆ ಮಾಡಿದೆ, ಮಂಗ ಮಾಡಿದೆ. ಕೊನೆಗೆ ಮಂಗ ಆದೋನು ನೀನೇ."

"ಬಿಡಣ್ಣ. ಪಾಪ, ಕಾಲುಚೀಲ ಹಾಕ್ಕೊಳ್ಳೋಕೂ ಅವರಿಗೆ ಬಗ್ಗಕ್ಕಾಗಲ್ಲ."

"ಸಹಿ ಹಾಕೋಕೆ ಕೈ ಬಗ್ಗಿತಲ್ಲ?" ಸೆವೆರಿನೊ ನಕ್ಕ. ಆಮೇಲೆ ನಗು ನಿಲ್ಲಿಸಿದ. "ನಿಯಮ ನೆನಪಿದೆ ತಾನೇ? ತೆಗೆಸಿದೋರು ಕೈಗೇನಾದ್ರೂ ಕೊಟ್ರೆ ಅದು ನಿಂದಲ್ಲ. ನಂಗೆ ತಂದುಕೊಡಬೇಕು, ಎಲ್ಲರಿಗೂ ಹಂಚಬೇಕು. ಮುಚ್ಚಿಟ್ಟೋನಿಗೆ ಅದೇ ಕೊನೇ ಹಡಗು. ಆಗ ನಾನೂ ಏನೂ ಮಾಡಕ್ಕಾಗಲ್ಲ."

ಎಲ್ಪಿಡಿಯೊನ ಕರಾರು ಸಿಡ್ನಿಯಲ್ಲಿ ಮುಗಿಯುತ್ತಿತ್ತು. ಮುಂದಿನ ಕರಾರು ಸಿಗಬೇಕಾದರೆ ಪ್ರಯಾಣಿಕರು ಅವನ ಹೆಸರು ಬರೆದು ಮೆಚ್ಚಿದ ಮೂರು ಚೀಟಿ ಬೇಕು. ಬಂದಿದ್ದವು ಎರಡು. ಮತ್ತೆ ಹಡಗು ಹತ್ತುವ ಮುನ್ನ ಮನಿಲಾದಲ್ಲಿ ಆರೋಗ್ಯ ತಪಾಸಣೆಗೆ ಸ್ವಂತ ದುಡ್ಡೂ ಕಟ್ಟಬೇಕು. ಅದಕ್ಕೆಂದು ಕೂಡಿಟ್ಟದ್ದು ಚಂಡಮಾರುತ ಹೊತ್ತೊಯ್ದ ಮನೆಯ ಮಾಡಿಗೆ ಹೋಗಿತ್ತು. ಅವನಿಗೆ ನಲವತ್ತಾರು. ಆ ವಯಸ್ಸಿನವನಿಗೆ ಬೇರೆ ಹಡಗು ಯಾರೂ ಕೊಡುವುದಿಲ್ಲ.

ಅವನು ಟವೆಲುಗಳನ್ನು ಹೊತ್ತು 8114ರ ಬಾಗಿಲು ತಟ್ಟಿದ. ಇವತ್ತು ಆನೆ ಮಾಡುವುದಿಲ್ಲ ಎಂದು ತೀರ್ಮಾನಿಸಿಕೊಂಡಿದ್ದ.

"ಬಾಗಿಲು ಹಾಕಪ್ಪ," ಎಂದಳು ಮರ್ಲ್ ಟ್ರಾಂಟರ್. ಎಪ್ಪತ್ತೊಂಬತ್ತರ ವಿಧವೆ, ಆಸ್ಟ್ರೇಲಿಯಾದ ಡಬ್ಬೊ ಊರಿನವಳು. ಅವಳ ಕೈಯಲ್ಲಿ ಒಂದು ಲಕೋಟೆಯಿತ್ತು. "ಆ ಸ್ವಾಗತದ ಮೇಜಿನ ಹುಡುಗಿ ಹೇಳಿದ್ಲು, ಬಿಲ್ಲಲ್ಲಿರೋ ದುಡ್ಡು ಎಲ್ಲರಿಗೂ ಹಂಚಿಹೋಗುತ್ತಂತೆ. ನಂಗೆ ಕಾಲುಚೀಲ ಹಾಕಿದೋರು ಎಲ್ಲರೂನಾ? ತೆಗೆದುಹಾಕು ಅಂದೆ. ಇದು ನಿಂಗೆ. ಬರೀ ನಿಂಗೆ."

ಲಕೋಟೆಯಲ್ಲಿ ಹಳದಿ ಬಣ್ಣದ ಐವತ್ತರ ಆರು ನೋಟು. ಮುನ್ನೂರು ಡಾಲರ್.

ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಅವಳನ್ನು ಬೈದದ್ದು ನೆನೆದು ಎಲ್ಪಿಡಿಯೊನಿಗೆ ನಾಚಿಕೆಯಾಯಿತು. ಬಿಲ್ಲಿನಿಂದ ತೆಗೆಸದೇ ಕೊಟ್ಟಿದ್ದರೆ ಇದು ತನ್ನದಾಗುತ್ತಿತ್ತು ಎಂದು ಹೇಳುವಂತಿಲ್ಲ. ಪ್ರಯಾಣಿಕರೊಡನೆ ಟಿಪ್ಸಿನ ಮಾತನ್ನೇ ಆಡಕೂಡದು.

"ಬೇಡಮ್ಮ." ಲಕೋಟೆಯನ್ನು ಅವಳ ಕೈಗೇ ಇಟ್ಟ.

ಅವಳು ಮತ್ತೆ ಕೊಟ್ಟಳು. ಅವನು ಅದನ್ನು ಮೇಜಿನ ಮೇಲಿಟ್ಟ.

ಅವಳು ಊರುಗೋಲು ಹಿಡಿದು ಎದ್ದು ಬಂದು ಅದನ್ನು ಅವನ ಅಂಗಿಯ ಜೇಬಿಗೆ ತುರುಕಿ ಮೇಲಿಂದ ತಟ್ಟಿದಳು. "ನಮ್ಮ ಕಡೆ ಟಿಪ್ಸ್ ಕೊಡೋ ಅಭ್ಯಾಸವೇ ಇಲ್ಲ. ನನ್ನ ಜೀವಮಾನದಲ್ಲಿ ಇದೇ ಮೊದಲು. ಅವಮಾನ ಮಾಡಬೇಡ. ಇನ್ನೇನಾದ್ರೂ ಬೇಕಾ, ಹೇಳು."

ಚೀಟಿಯ ಮಾತು ಆಡಲು ಅಡ್ಡಿಯಿರಲಿಲ್ಲ.

"ಸ್ವಾಗತದ ಹತ್ರ ಅಭಿಪ್ರಾಯದ ಚೀಟಿ ಇರುತ್ತಮ್ಮ. ಬರೀ ಒಳ್ಳೆಯವನು ಅಂತ ಬರೆದ್ರೆ ಅವರು ಲೆಕ್ಕಕ್ಕೆ ತಗೊಳಲ್ಲ. ಏನೇನು ನಡೀತೋ ವಿವರವಾಗಿ ಬರೀಬೇಕು. ಪೂರ್ತಿ ಹೆಸರೂ ಬೇಕು."

ಮರ್ಲ್ ಜೋರಾಗಿ ನಕ್ಕಳು. "ವಿವರವಾಗಿ! ಕೋರ್ಟಲ್ಲಿ ಮೂವತ್ತೊಂದು ವರ್ಷ ಸಾಕ್ಷಿಗಳು ಹೇಳಿದ್ದನ್ನ ಟೈಪ್ ಮಾಡಿದೀನಿ ಕಣೋ. ಒಂದು ಕೆಮ್ಮನ್ನೂ ಬಿಟ್ಟಿಲ್ಲ."

ಅವನು ಒಂದೊಂದೇ ಅಕ್ಷರವಾಗಿ ಹೆಸರು ಹೇಳಿದ. ಎಲ್ಪಿಡಿಯೊ ಮಗ್‌ಬನುವಾ. ಅವಳು ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡಳು. ಹೊರಡುವ ಮೊದಲು ಅವನು ಆನೆ ಮಾಡಿದ, ಸೊಂಡಿಲು ಮೇಲೆತ್ತಿದ್ದು.

ಓಣಿಯಲ್ಲಿ ಸೆವೆರಿನೊ ಎದುರಾದ. "ಏನೋ, ಅಜ್ಜಿ ಏನಾದ್ರೂ ಕೊಟ್ಲಾ?"

ಮುನ್ನೂರನ್ನು ನಲವತ್ತು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಒಂದು ತಟ್ಟೆ ನೂಡಲ್ಸ್. ಒಬ್ಬನಿಗೇ ಆದರೆ ಒಂದು ತಪಾಸಣೆ, ಒಂದು ಮೊಹರು, ಇನ್ನೊಂದು ಹಡಗು.

"ಬಾಯಿಮಾತಿಗೊಂದು ಥ್ಯಾಂಕ್ಸೂ ಇಲ್ಲಣ್ಣ."

ಸೆವೆರಿನೊ ಅವನ ಹೆಗಲ ಮೇಲೆ ಕೈಯಿಟ್ಟ. ಕಣ್ಣಲ್ಲಿ ನಿಜವಾದ ಮರುಕವಿತ್ತು. "ಹೋಗ್ಲಿ ಬಿಡೋ. ಎಂಥೆಂಥವರೋ ಬರ್ತಾರೆ."

ಮರುದಿನ ಬೆಳಿಗ್ಗೆ ಹಡಗು ಸಿಡ್ನಿಯ ಕಟ್ಟೆಗೆ ತಾಗಿತು. ಇಳಿಯುವವರ ನೂಕುನುಗ್ಗಲಿನಲ್ಲಿ ಮರ್ಲ್ ಊರುಗೋಲೆತ್ತಿ ಕೂಗಿದಳು: "ಹಾಕಿದೀನಿ ಕಣಪ್ಪ! ಜಾಗ ಸಾಲದೆ ಹಿಂದುಗಡೆನೂ ಬರೆದೆ!"

ಎಲ್ಪಿಡಿಯೊ ಎರಡೂ ಕೈ ಬೀಸಿದ.

ಹನ್ನೊಂದು ಗಂಟೆಗೆ ಕೆಲಸಗಾರರ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದರು. ಪ್ರತಿ ಪ್ರಯಾಣ ಮುಗಿದಾಗಲೂ ಹಾಗೆಯೇ: ಮ್ಯಾನೇಜರ್ ಮುಂದಿನ ಕುರ್ಚಿಯಲ್ಲಿ ಕೂರುತ್ತಾನೆ, ಸೆವೆರಿನೊ ಚೀಟಿಗಳನ್ನು ಗಟ್ಟಿಯಾಗಿ ಓದುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಐದನೆಯ ಚೀಟಿ ಕೈಗೆತ್ತಿಕೊಂಡಾಗ ಸೆವೆರಿನೊನ ಮುಖವರಳಿತು.

"ಬಂತಲ್ಲೋ ತಮ್ಮಾ ಮೂರನೇದು! 8114! ಅಜ್ಜಿನ ಸುಮ್ನೆ ಬೈದುಬಿಟ್ವಿ!"

ಶಿಳ್ಳೆ ಬಿತ್ತು. ಕಾಲುಚೀಲದ ಸಂಗತಿ ಓದಿದ. ಕಿವಿಯ ಯಂತ್ರಕ್ಕೆ ಬ್ಯಾಟರಿ ಹುಡುಕಿ ತಂದದ್ದು, ಯಾವ ದಿನ ಯಾವ ಪ್ರಾಣಿ ಎಂಬುದು, ಎಲ್ಲ ಇತ್ತು. ಮ್ಯಾನೇಜರ್ ತಲೆದೂಗಿದ. ಎಲ್ಪಿಡಿಯೊ ಫೋನಿನಲ್ಲಿ ಹೆಂಡತಿಗೆ ಎರಡೇ ಪದ ಬರೆದ: ಕೆಲಸ ಉಳಿಯಿತು. ಕಳಿಸಿದ.

ಸೆವೆರಿನೊ ಚೀಟಿಯನ್ನು ಮಗುಚಿ, ಅದೇ ಉತ್ಸಾಹದ ದನಿಯಲ್ಲಿ ಹಿಂಬದಿಯನ್ನೂ ಓದತೊಡಗಿದ:

"ನಿನ್ನೆ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಕೊಟ್ಟ ಮುನ್ನೂರು ಡಾಲರನ್ನು ಇವನು ಎರಡು ಸಲ ಹಿಂದಕ್ಕೆ ಕೊಟ್ಟ, ಮೂರನೆಯ ಸಲ ನಾನೇ ಬಲವಂತವಾಗಿ ಇವನ ಅಂಗಿಯ ಎಡಜೇಬಿಗೆ ತುರುಕಿದೆ, ಇಷ್ಟು ಪ್ರಾಮಾಣಿಕನಾದ ಮನುಷ್ಯನನ್ನು ನಾನು ಕೋರ್ಟಿನಲ್ಲೂ ಕಂಡಿಲ್ಲ."