ಖಾಸಿಂಸಾಬ ಹುಡುಕಿದ ತಪ್ಪು

ಸೀರೆ ಪರೀಕ್ಷೆಗೆ ಬಂದ ಸರಕಾರಿ ಸಾಹೇಬರಿಗೆ ಸೆಕೆಯಾಗಬಾರದೆಂದು ನೇಕಾರರ ಸಂಘದವರು ಬಾಡಿಗೆಗೆ ತಂದ ಟೇಬಲ್ ಫ್ಯಾನು ಮೊದಲು ಮಾಡಿದ ಘನಕಾರ್ಯವೆಂದರೆ, ಎರಡು ಸೀರೆಗಳ ಮೇಲಿದ್ದ ಹೆಸರಿನ ಚೀಟಿಗಳನ್ನು ಕಿಟಕಿಯಾಚೆ ಹಾರಿಸಿದ್ದು. ಎರಡೂ ಸೀರೆಗೆ ಒಂದೇ ನೂಲು, ಒಂದೇ ಬಣ್ಣ, ಒಂದೇ ದಡಿ. ಪೈಪೋಟಿಗೆಂದು ಸಂಘವೇ ಕೊಟ್ಟದ್ದು. ಒಂದನ್ನು ಖಾಸಿಂಸಾಬ ನೇಯ್ದಿದ್ದ, ಇನ್ನೊಂದನ್ನು ಅಂದಾನಪ್ಪ. ಗೆದ್ದವನಿಗೆ ಇಳಕಲ್ಲಿನ ಹೊಸ ತರಬೇತಿ ಕೇಂದ್ರದಲ್ಲಿ ಮಾಸ್ತರಿಕೆ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ನೇಕಾರನಿಗೆ ತಿಂಗಳ ಪಗಾರ, ಕೂರಲು ಕುರ್ಚಿ ಎಂದರೆ ಸಣ್ಣ ಮಾತೇ? ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಖಾಸಿಂಸಾಬನ ಮೊಣಕಾಲು ಹೋಗಿದ್ದವು. ಅದಕ್ಕೇ ಅವನ ಹೆಂಡತಿ ಹಜರತಬಿ, ಯಾರೂ ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದಳು.

ಸಾಹೇಬರು ಒಂದು ಸೀರೆಯನ್ನು ಬೆಳಕಿಗೆ ಹಿಡಿದರು. "ಭಲೇ! ಒಂದ ಎಳಿ ತಪ್ಪಿಲ್ಲ. ಯಾರದಪಾ ಇದು?"

"ನಂದ್ರಿ," ಎಂದ ಅಂದಾನಪ್ಪ, ನೋಡುವುದಕ್ಕೂ ಮೊದಲೇ.

ಸುಳ್ಳು ಹೇಳಿದನೆಂದು ತಿಳಿಯಬೇಡಿ. ಪಾಪ, ಮನಸಾರೆ ನಂಬಿದ್ದ. ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಗಂಡು ಅವನು. ಎಡವಿ ಬಿದ್ದರೆ ತಾಯಿ ಇಂದ್ರವ್ವ ಹೊಸ್ತಿಲಿಗೆ ನಾಲ್ಕು ಬಾರಿಸಿ, "ನನ್ನ ಮಗನ್ನ ಕೆಡವತೀ ಏನ?" ಎಂದು ಹೊಸ್ತಿಲನ್ನೇ ಬೈಯುತ್ತಿದ್ದಳು. ಅಂಥವನ ಸೀರೆಯಲ್ಲಿ ತಪ್ಪು ಬಂದರೆ ಅದು ನೂಲಿನದು, ಮಳೆಯದು, ಹೆಚ್ಚೆಂದರೆ ಸರಕಾರದ್ದು.

ಖಾಸಿಂಸಾಬ ಇನ್ನೊಂದು ಸೀರೆಯ ಮೇಲೆ ಬಾಗಿದ. ದಡಿಯಲ್ಲಿ ಎಳೆ ಸಡಿಲಾಗಿತ್ತು, ನಡುವೆ ಎರಡು ಕಡೆ ನೇಯ್ಗೆ ಸೊಟ್ಟಗಿತ್ತು. ಅವನಿಗೆ ಸಂಶಯವೇ ಉಳಿಯಲಿಲ್ಲ. "ಇದು ನಂದ ಇರಬೇಕ್ರಿ," ಎಂದ. ಅವನ ಅಪ್ಪ ನಬಿಸಾಬ ಮಗ್ಗದ ಪಕ್ಕ ಬೆತ್ತ ಹಿಡಿದು ಕೂತು, ತಪ್ಪಾದರೆ ಆದ ತಪ್ಪಿಗೆ, ಆಗದಿದ್ದರೆ ಮುಂದೆ ಆಗುವ ತಪ್ಪಿಗೆ ಬಾರಿಸುತ್ತಿದ್ದ. ಅವೇ ಏಟು ತಿಂದ ತಮ್ಮ ಒಂದು ದಿನ ಬೆತ್ತ ಮುರಿದು ಒಲೆಗೆ ಹಾಕಿ, ಲಾರಿ ಹತ್ತಿ ಹೋದ. ಖಾಸಿಂಸಾಬನ ಸ್ವಭಾವವೇ ಬೇರೆ. ಏಟುಗಳನ್ನೂ ಅಪ್ಪನ ಆಸ್ತಿಯೆಂದು ಜೋಪಾನವಾಗಿ ಇಟ್ಟುಕೊಂಡ.

"ಕಣ್ಣು ಹೋಗ್ಯಾವೇನ್ರಿ ನಿಮ್ಮವು?" ಹಜರತಬಿ ಸೀದಾ ಒಳಗೆ ನುಗ್ಗಿದಳು. "ಸಾಹೇಬ್ರ, ಸೆರಗು ಕೂಡಿಸಿದ ಜಾಗಾ ನೋಡ್ರಿ. ಸೆರಗಿನ ಎಳಿಗೆ ಮೈ ಎಳಿ ಸಿಗಿಸಿ ಕೊಂಡಿ ಹಾಕಿದಾಕಿ ನಾ. ನಂದು ಎಡಗೈರಿ. ಊರ ಮಂದಿ ಕೊಂಡಿ ಬಲಕ್ಕ ಹೊಳ್ಳಿದ್ರ, ನನ್ನವು ಎಡಕ್ಕ ಹೊಳ್ಳಿರ್ತಾವ."

ಸಾಹೇಬರು ಕನ್ನಡಕ ಏರಿಸಿ ನೋಡಿದರು. ತಪ್ಪಿಲ್ಲದ ಸೀರೆಯ ಕೊಂಡಿಗಳೆಲ್ಲ ಎಡಕ್ಕೇ ಹೊರಳಿದ್ದವು. "ಖರೆ ಐತಲ್ಲಪಾ! ಖಾಸಿಂಸಾಬ, ಇದು ನಿನ್ನ ಸೀರಿ. ಬಾ, ಸಹಿ ಮಾಡು."

"ಹೌದ?" ಎಂದ ಅಂದಾನಪ್ಪ, ಒಂದಿಷ್ಟೂ ಅಳುಕದೆ. "ನನ್ನವೂ ದಿನಾ ಹಿಂಗ ಬರ್ತಾವಲ್ರಿ, ಅದಕ್ಕ ಗೊತ್ತಾಗಲಿಲ್ಲ."

ಖಾಸಿಂಸಾಬನ ಹಣೆಯಲ್ಲಿ ಬೆವರೊಡೆಯಿತು. ಪೆನ್ನು ಮುಟ್ಟಲಿಲ್ಲ, ಸೀರೆಯನ್ನು ಎಳೆದುಕೊಂಡ. "ನಂದಾದ್ರ ತಪ್ಪು ಇರಬೇಕಲ್ರಿ."

"ನಿಮ್ಮ ಕಾಲಿಗೆ ಬೀಳ್ತೇನಿ, ಸುಮ್ಮನ ಸಹಿ ಮಾಡ್ರಿ!" ಎಂದಳು ಹಜರತಬಿ.

ಅವನಿಗೆಲ್ಲಿ ಕೇಳಬೇಕು? ಎಂಟು ಗಜದ ಸೀರೆಯನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ, ಗೇಣು ಗೇಣು ಬೆರಳಾಡಿಸುತ್ತ ಹೊರಟ. ಸಾಹೇಬರು ಒಂದು ಚಹಾ ಮುಗಿಸಿದರು, ಇನ್ನೊಂದು ತರಿಸಿದರು. ಕಡೆಗೆ, ಉಟ್ಟಾಗ ನೆರಿಗೆಯೊಳಗೆ ಅಡಗಿಹೋಗುವ ಜಾಗದಲ್ಲಿ ಅವನ ಬೆರಳು ನಿಂತಿತು.

"ಸಿಕ್ತು! ಸಿಕ್ತರಿ ಸಾಹೇಬ್ರ! ಇಲ್ಲಿ ಒಂದು ಎಳಿ ಜೋಡಿ ಬಿದ್ದೈತಿ!" ಕಳೆದುಹೋದ ಎಮ್ಮೆ ಸಿಕ್ಕವನ ಹಾಗೆ ಅವನ ಮುಖ ಅರಳಿತು.

ಸಾಹೇಬರು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರೂ ಅದು ಕಾಣಲಿಲ್ಲ. "ನೇಯ್ದಾಂವನೇ ತಪ್ಪೈತಿ ಅಂತಾನ, ನಾ ಇಲ್ಲಂತ ಹೆಂಗ ಬರೀಲಿ?" ಎಂದು ಗೊಣಗಿ, ಅಂದಾನಪ್ಪನತ್ತ ತಿರುಗಿದರು. "ನಿನ್ನ ಸೀರ್ಯಾಗ?"

"ನನ್ನ ಸೀರ್ಯಾಗ? ಒಂದೂ ಇಲ್ರಿ."

ಸರಕಾರಿ ಕಾಗದಕ್ಕೆ ಬಾಯಿಮಾತು ಸಾಕು, ಕಣ್ಣು ಬೇಕಿಲ್ಲ. ಅಂದಾನಪ್ಪನ ಹೆಸರು ಬರೆದಾಯಿತು, ಸಿಕ್ಕಾ ಬಿತ್ತು. ಅಂದಾನಪ್ಪ ಸಂತೋಷವನ್ನೇನೂ ತೋರಿಸಲಿಲ್ಲ. ಮೊದಲೇ ತನ್ನದಾಗಿದ್ದುದಕ್ಕೆ ಯಾಕೆ ಸಂತೋಷಪಡಬೇಕು?

ಮನೆಯ ದಾರಿಯಲ್ಲಿ ಹಜರತಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಡೆದಳು. ಖಾಸಿಂಸಾಬ ಮಾತ್ರ ಕುಂಟುತ್ತಲೇ ಎರಡು ಹೆಜ್ಜೆ ಮುಂದೆ ಹೊರಟಿದ್ದ, ಎದೆ ಸೆಟೆಸಿಕೊಂಡು.

"ನೋಡಿದಿಲ್ಲ?" ಎಂದ. "ಅಷ್ಟು ದೊಡ್ಡ ಸಾಹೇಬ್ರಿಗೂ ಸಿಗಲಿಲ್ಲ. ಅಂಥಾ ತಪ್ಪು ಹುಡುಕಿ ತಗಿಯೋ ಕೈ ಈ ಇಳಕಲ್ಲಾಗ ಇನ್ನೊಂದು ಇದ್ರ ತೋರಿಸು!"

ಐವತ್ತು ವರ್ಷದಲ್ಲಿ ಅವನು ತನ್ನನ್ನು ತಾನು ಹೊಗಳಿಕೊಂಡದ್ದು ಅದೇ ಮೊದಲು.