ಬೇಟೆಗಾರರ ಪದ್ಧತಿ

ಗಾಜಿನ ಬಾಗಿಲು ತಳ್ಳಿಕೊಂಡು ಅಮ್ಮ ಒಳಗೆ ಬಂದಾಗ ಮೋಹನನ ಬಾಯಲ್ಲಿ ಕಾಡುಹಂದಿ ಇತ್ತು.

ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಕಾಕ್‌ಟೇಲ್ ಲೋಟವನ್ನು ಕಂಬದ ಮರೆಗೆ ಸರಿಸಿ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದ. ಸಂಜೆ ಆರೂವರೆಗೆ ಕೋಡಂಬಾಕ್ಕಂನ ಬಾರಿನಲ್ಲಿ ಜಯಲಕ್ಷ್ಮಮ್ಮನವರಿಗೆ ಏನು ಕೆಲಸ? ಯಾರೋ ಚಾಡಿ ಹೇಳಿದ್ದಾರೆ, ಮಗನನ್ನು ಹುಡುಕಿಕೊಂಡು ಬಂದಿದ್ದಾರೆ. ಅಲ್ಲದೆ ಇನ್ನೇನು?

ತಾಂಬರಂನ ಅವರ ಮನೆಯೊಳಗೆ ಈರುಳ್ಳಿ, ಬೆಳ್ಳುಳ್ಳಿಗೂ ಪ್ರವೇಶವಿರಲಿಲ್ಲ. ಒಡಹುಟ್ಟಿದ ತಮ್ಮ ಆಮ್ಲೆಟ್ ತಿಂದನೆಂದು ಕಿವಿಗೆ ಬಿದ್ದ ಮೇಲೆ, ಹದಿನೆಂಟು ವರ್ಷದಿಂದ, ಅಮ್ಮ ಅವನ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಮೊಟ್ಟೆಗೇ ಹೀಗಾದರೆ ಹಂದಿಗೆ ಹೇಗೋ! ಇನ್ನು ಮಗನ ಕೈಯ ನೀರನ್ನೂ ಮುಟ್ಟುವುದಿಲ್ಲ. ಇರುವವರು ಇಬ್ಬರೇ, ಅಮ್ಮನೂ ಹಾಗೆ ಮುಖ ತಿರುಗಿಸಿದರೆ ಅವನಿಗೆ ಮನೆ ಎನ್ನುವುದೇ ಇರುವುದಿಲ್ಲ.

ಚಟ ಅಂಟಿದ್ದು ವರ್ಷದ ಹಿಂದೆ. ವಿಮಾ ಕಚೇರಿಯ ಗೆಳೆಯರು ಕರೆತಂದಿದ್ದರು. ಅವರೆಲ್ಲ ಕೋಳಿ, ಕೌಜು ಎಂದರೆ, ಮೋಹನ ಜಂಬಕ್ಕೆ ಬಿದ್ದು ಕಾಡುಹಂದಿ ಎಂದ. ಅದುವರೆಗೆ ಮಾಂಸವನ್ನು ನಾಲಿಗೆಗೆ ಸೋಕಿಸಿದವನಲ್ಲ. ಮೊದಲ ತುತ್ತಿಗೇ ಸೋತ. ನಾರುನಾರಾಗಿ ಬಿಡುವ ತುಂಡು, ಕಾಳುಮೆಣಸಿನ ಖಾರ, ಹದವಾದ ಹುಳಿ. ಪೂರ್ವಜನ್ಮದ ಪರಿಚಯವೇನೋ ಎನ್ನಿಸಿತು.

ಮ್ಯಾನೇಜರ್ ವರುಣ್ ಮೋಹನನಂತೆ ಮೈಸೂರಿನ ಕಡೆಯವನೇ. ಪಕ್ಕಕ್ಕೆ ಬಗ್ಗಿ ಮೆಲ್ಲಗೆ ಹೇಳಿದ್ದ: "ಇದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕಲ್ಲ ಸಾರ್. ಕಾಡಲ್ಲಿ ಅವೆಲ್ಲ ಎಲ್ಲಿ ಸಿಗತ್ತೆ? ಬೇಟೆಗಾರರ ಪದ್ಧತಿ. ಆದ್ರೆ ಹೊರಗೆ ಬಾಯಿ ಬಿಡಬೇಡಿ, ಕಾನೂನಿನ ತಾಪತ್ರಯ." ಬಿಲ್ಲಿನಲ್ಲಿ ಹಂದಿಯ ಸುದ್ದಿಯೇ ಇರುತ್ತಿರಲಿಲ್ಲ, 'ಶುಕ್ರವಾರದ ವಿಶೇಷ' ಎಂದಷ್ಟೇ. ಅಂದಿನಿಂದ ಮೋಹನ ಒಂದು ಶುಕ್ರವಾರವನ್ನೂ ತಪ್ಪಿಸಿಲ್ಲ. ಇವತ್ತಿನದು ಯಾಕೋ ತುಸು ಮೆತ್ತಗಿತ್ತು. ಮರಿಹಂದಿ ಇರಬೇಕು ಎಂದುಕೊಂಡು ಎರಡನೆಯ ಪ್ಲೇಟ್ ತರಿಸಿದ್ದ.

ಶುಕ್ರವಾರವೇ ಅನುಕೂಲ. ಅಂದು ಅಮ್ಮನಿಗೆ ಭಜನೆ. ದೊಡ್ಡ ಚೀಲ ಹೊತ್ತು ಮಧ್ಯಾಹ್ನವೇ ಎಲೆಕ್ಟ್ರಿಕ್ ಟ್ರೈನ್ ಹತ್ತಿದರೆ ಮರಳುವುದು ಏಳೂವರೆಗೆ. ತಾಳ, ಪುಸ್ತಕಗಳಿಗೆ ಅಷ್ಟು ದೊಡ್ಡ ಚೀಲ ಏಕೆಂದು ಅವನು ಕೇಳಿದವನಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಅವರು ಅಂಗೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವುದನ್ನೂ ನೋಡಿದ್ದ. ಕೀಲುನೋವು ಇರಬೇಕು ಎಂದುಕೊಂಡಿದ್ದ, ವಿಚಾರಿಸಿರಲಿಲ್ಲ. ಇವತ್ತು ಬೆಳಿಗ್ಗೆಯಂತೂ ಅವರು ಬಡಿಸಿದ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿ, ಇದನ್ನು ದನ ತಿನ್ನಬೇಕು ಎಂದು ಎದ್ದು ಹೋಗಿದ್ದ. ಅಮ್ಮ ತಟ್ಟೆಯನ್ನು ಎತ್ತಿಕೊಂಡಿದ್ದರು.

ಈಗ ಅದೆಲ್ಲ ಒಟ್ಟಿಗೆ ನೆನಪಾಗಿ ಮೋಹನನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮನೆಯ ಪಲ್ಯ ಬಿಟ್ಟು ಬಾರಿನಲ್ಲಿ ಹಂದಿ ಚಪ್ಪರಿಸುವ ಮಗ! ಬಾಯ್ತುಂಬ ತುತ್ತಿಟ್ಟುಕೊಂಡೇ ತೀರ್ಮಾನಿಸಿದ: ಎದ್ದು ಹೋಗಿ ಕಾಲು ಹಿಡಿಯುವುದು, ಎಲ್ಲ ಒಪ್ಪಿಕೊಳ್ಳುವುದು. ಕಾರ್ಡು ಕೆಳಗಿಟ್ಟು ಅರ್ಧ ಎದ್ದ.

ಅಷ್ಟರಲ್ಲಿ ವರುಣ್ ಅಮ್ಮನ ಬಳಿ ಓಡಿಬಂದಿದ್ದ. ಕೈಯಲ್ಲಿ ಮುಚ್ಚಳವಿದ್ದ ದೊಡ್ಡ ಸ್ಟೀಲ್ ಪಾತ್ರೆ. ಅಮ್ಮ ಸೆರಗನ್ನು ಮುಖದತ್ತ ಎಳೆದುಕೊಂಡು ತಲೆತಗ್ಗಿಸಿದರು.

"ಹಿಂದಿನ ಬಾಗಿಲಿಗೆ ನೀರಿನ ಲಾರಿ ಅಡ್ಡ ನಿಂತಿದೆ ಕಣಪ್ಪ, ಮಾನ ಬಿಟ್ಟು ಮುಂದಿನಿಂದ ಬಂದೆ," ಎಂದರು.

ಕಂಬದ ಮರೆಯಲ್ಲಿ ಮೋಹನ ಎದ್ದಲ್ಲೇ ನಿಂತ.

"ಎಳೆ ಹಲಸಿನಕಾಯಿ ಸಾಲದೆ ನಿಮ್ಮ ಕಾಡುಹಂದಿಗೆ ಸ್ವಲ್ಪ ಬಾಳೆಕಾಯಿ ಬೆರೆಸಿದ್ದೆ," ಎನ್ನುತ್ತ ಅಮ್ಮ ಖಾಲಿ ಪಾತ್ರೆಯನ್ನು ಚೀಲಕ್ಕಿಳಿಸಿದರು, "ತಿಂದೋರು ಏನೂ ಅನ್ನಲಿಲ್ಲ ತಾನೆ? ನಮ್ಮನೇಲಿ ಮಗ ಇದನ್ನ ದನ ತಿನ್ನಬೇಕು ಅಂತಾನೆ."