ಒಬ್ಬನಿಗೆ ಒಬ್ಬ

ಆಚೆ ದೇಶದವರು ಅವಳ ಗಂಡನನ್ನು ದೋಣಿ ಸಮೇತ ಹಿಡಿದೊಯ್ದು ಎರಡು ವರ್ಷವಾಗಿತ್ತು. ವಿದೇಶಾಂಗ ಇಲಾಖೆಯ ಅಧಿಕಾರಿ ಕರೆಸಿದಾಗ ಅವಳು ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಳು.

"ಮಾತುಕತೆ ಮುಗೀತಮ್ಮ. ಮುಂದಿನ ವಾರ ನಿಮ್ಮ ಗಂಡನನ್ನ ಬಿಡ್ತಾರೆ."

"ಹೋದ ಸಲವೂ ಹೀಗೇ ಹೇಳಿ, ಚಾ ಕುಡಿಸಿ ಕಳಿಸಿದ್ರಿ."

"ಈ ಸಲ ಸಹಿ ಆಗಿದೆ. ಒಬ್ಬನಿಗೆ ಒಬ್ಬ. ಅವರ ಮೀನುಗಾರ ಒಬ್ಬನನ್ನ ನಾವು ಬಿಡಬೇಕು, ಅಷ್ಟೇ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮವರು ಗಡಿ ದಾಟಿದವರೇ ಅಲ್ಲ ಸಾರ್. ನಮ್ಮ ನೀರಲ್ಲೇ ಬಲೆ ಎಳೀತಿದ್ರು. ಅವರೇ ಒಳಗೆ ಬಂದು ಹಿಡ್ಕೊಂಡು ಹೋದ್ರು. ಯಾಕೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ."

ಅಧಿಕಾರಿ ಕಿಟಕಿಯತ್ತ ನೋಡಿದ.

ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. "ಒಣಮೀನು. ನಿಮಗೆ ಅಂತ ತಂದದ್ದು. ನಮ್ಮ ಜೈಲಲ್ಲಿದ್ದಾನಲ್ಲ, ಅವರವನು, ಅವನಿಗೇ ಕೊಟ್ಬಿಡಿ. ಪಾಪ, ಅವನ ಹೆಂಡ್ತಿಯೂ ನನ್ನ ಹಾಗೇ ಕಾದಿರ್ತಾಳೆ."

ಅಧಿಕಾರಿ ಪೊಟ್ಟಣವನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ.

"ನಮ್ಮ ಜೈಲಲ್ಲಿ ಯಾರೂ ಇಲ್ಲಮ್ಮ. ನಮ್ಮ ಬೋಟು ಬೆಳಿಗ್ಗೆ ಅವರ ನೀರಿಗೆ ಹೋಗಿದೆ. ಸಂಜೆಯೊಳಗೆ ಒಬ್ಬನನ್ನ ಹಿಡ್ಕೊಂಡು ಬರ್ತಾರೆ."